ಹಳೆ ರೀಲು, ಹಳೆ ಕ್ಯಾಸೆಟ್ಟು: ಯಾವ ಫೈಲಿನಲ್ಲಿ ಉಳಿಸೋಣ?

ಮನೆಯ ಬೀರುವಿನಲ್ಲಿ ಮದುವೆ ಕ್ಯಾಸೆಟ್ಟು ಇರುತ್ತದೆ. ಮಠದ ಕಚೇರಿಯಲ್ಲಿ ಜಾತ್ರೆ, ಹುಣ್ಣಿಮೆ ಕಾರ್ಯಕ್ರಮಗಳ ಟೇಪಿನ ರಾಶಿ. ನಾಟಕ ಕಂಪನಿಯಲ್ಲಿದ್ದವರ ಮನೆಯಲ್ಲಿ ಒಂದೆರಡು ಪ್ರಯೋಗದ ರೆಕಾರ್ಡಿಂಗು. ಅಪರೂಪಕ್ಕೆ ಯಾರದ್ದೋ ಅಟ್ಟದ ಮೇಲೆ ತಗಡಿನ ಡಬ್ಬಿಯಲ್ಲಿ ಫಿಲ್ಮ್ ರೀಲು. ದಾವಣಗೆರೆ, ಚಿತ್ರದುರ್ಗದ ಕಡೆ ಇಂಥವನ್ನು ಇಟ್ಟುಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ಕಂಪ್ಯೂಟರಿಗೆ ಹಾಕಿಸಬೇಕು, ಯಾವ ಫಾರ್ಮ್ಯಾಟ್ ಒಳ್ಳೇದು?”

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಹೆಸರುಗಳ ಅರ್ಥ ಮುಂದೆ ಬರುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಾದರೆ ಎಫ್‌ಎಫ್‌ವಿ1 ವಿಡಿಯೋ, ಎಂಕೆವಿ ಫೈಲಿನಲ್ಲಿ. ಮಿನಿ ಡಿವಿ ಟೇಪಾದರೆ ಅದರಲ್ಲಿರುವ ಡಿವಿ ಡೇಟಾವನ್ನು ಇದ್ದ ಹಾಗೇ ತೆಗೆದುಕೊಳ್ಳಿ. ಫಿಲ್ಮ್ ರೀಲಾದರೆ ಒಂದೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿಸಿ, ಡಿಪಿಎಕ್ಸ್ ಚಿತ್ರಗಳಾಗಿ ಪಡೆದು, ಆಮೇಲೆ ಎಫ್‌ಎಫ್‌ವಿ1ಗೆ ಕಟ್ಟಿಕೊಳ್ಳಿ. ಎಲ್ಲದರ ಜೊತೆ ನೋಡುವುದಕ್ಕೆ, ಹಂಚುವುದಕ್ಕೆ ಒಂದು ಎಂಪಿ4 ನಕಲು ಇರಲಿ. ಇನ್ನೊಂದು ಮಾತು: ಫಾರ್ಮ್ಯಾಟಿಗೆ ಕೊಡುವ ತಲೆಬಿಸಿಯ ಅರ್ಧವನ್ನಾದರೂ ವಿವರ ಬರೆದಿಡುವುದಕ್ಕೆ ಕೊಡಿ. ಫೈಲು ಚೆನ್ನಾಗೇ ಇದ್ದು, ಅದರಲ್ಲಿ ಯಾರಿದ್ದಾರೆ ಅಂತ ಹೇಳುವವರೇ ಇಲ್ಲದೆ ಹೋದರೆ ಉಳಿಸಿ ಏನು ಉಪಯೋಗ ಹೇಳಿ?

1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’. ಅದರ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಂದರೆ 30 ವರ್ಷ ಕಳೆದ ಮೇಲೆ. ದೊಡ್ಡ ಸಿನಿಮಾಗಳಿಗೆ ಈಗ ಅಂಥ ಸಂಸ್ಥೆಗಳಾದರೂ ಇವೆ. ನಿಮ್ಮ ಓಣಿಯವರು ತೆಗೆಸಿದ ದುಗ್ಗಮ್ಮನ ಜಾತ್ರೆಯ ಕ್ಯಾಸೆಟ್ಟನ್ನು ಪುಣೆಯವರು ಬಂದು ಉಳಿಸುವುದಿಲ್ಲ. ಅದನ್ನು ನಾವೇ ಮಾಡಬೇಕು.

ಮೊದಲು ಎರಡು ವಿಷಯ

ಎಂಕೆವಿ, ಎಂಪಿ4, ಎಂಒವಿ, ಎಂಎಕ್ಸ್‌ಎಫ್ ಇವೆಲ್ಲ ಬರೀ ಡಬ್ಬಿಗಳು. ಒಳಗಿರುವ ಚಿತ್ರವನ್ನು ಯಾವ ರೀತಿ ಬರೆದಿದ್ದಾರೆ ಅನ್ನುವುದು ಬೇರೆ, ಅದಕ್ಕೆ ಕೋಡೆಕ್ ಅನ್ನುತ್ತಾರೆ. ಎಫ್‌ಎಫ್‌ವಿ1, ಪ್ರೋರೆಸ್, ಎಚ್.264, ಜೆಪೆಗ್ 2000 ಇವು ಕೋಡೆಕ್‌ಗಳು. “ಎಂಒವಿಯಲ್ಲಿ ಕೊಡ್ತೀವಿ ಸಾರ್” ಅಂತ ಅಂಗಡಿಯವರು ಹೇಳಿದರೆ ಅರ್ಧ ಮಾತು ಮಾತ್ರ ಹೇಳಿದ ಹಾಗೆ. ಒಳಗೆ ಯಾವ ಕೋಡೆಕ್ ಅಂತ ಕೇಳಲೇಬೇಕು.

ಎರಡನೆಯದು ಕುಗ್ಗಿಸುವ ಬಗೆ. ದಾವಣಗೆರೆಯವರಿಗೆ ಹತ್ತಿ ಗೊತ್ತಿಲ್ಲದೆ ಏನು. ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟಿದರೆ ಗಾತ್ರ ಕಡಿಮೆಯಾಗುತ್ತದೆ, ಬಿಚ್ಚಿದರೆ ಅಷ್ಟೂ ಹತ್ತಿ ವಾಪಸ್ ಬರುತ್ತದೆ. ಎಫ್‌ಎಫ್‌ವಿ1 ಮಾಡುವುದು ಇದನ್ನೇ, ಒಂದು ಬಿಟ್ಟೂ ಕಳೆಯುವುದಿಲ್ಲ. ಎಚ್.264 ಹಾಗಲ್ಲ. ಕಣ್ಣಿಗೆ ಅಷ್ಟಾಗಿ ಕಾಣದ ಹತ್ತಿಯನ್ನು ಎಸೆದು, ಉಳಿದದ್ದನ್ನು ಮಾತ್ರ ಕಟ್ಟುತ್ತದೆ. ಒಂದು ಸಲ ನೋಡುವುದಕ್ಕೆ ಅದು ಸಾಕು. ಆದರೆ ಹತ್ತು ವರ್ಷ ಬಿಟ್ಟು ಹೊಸ ಫಾರ್ಮ್ಯಾಟಿಗೆ ಬದಲಾಯಿಸುವಾಗ ಮತ್ತೆ ಒಂದಿಷ್ಟು ಹೋಗುತ್ತದೆ, ಆಮೇಲೆ ಇನ್ನೊಂದಿಷ್ಟು. ಉಳಿಸುವ ಕೆಲಸದಲ್ಲಿ ಫಾರ್ಮ್ಯಾಟ್ ಬದಲಾಯಿಸುವುದು ತಪ್ಪುವುದಿಲ್ಲ. ಅದಕ್ಕೇ ಮಾಸ್ಟರ್ ಪ್ರತಿಯಲ್ಲಿ, ಅಂದರೆ ಮೂಲ ಅಂತ ಕಾಪಾಡಿಡುವ ಫೈಲಿನಲ್ಲಿ, ಏನೂ ಎಸೆಯಬಾರದು ಅನ್ನುವುದು.

ವಿಎಚ್‌ಎಸ್ ಕ್ಯಾಸೆಟ್ಟು

ನಮ್ಮ ಕಡೆ ಜಾಸ್ತಿ ಇರುವುದು ಇದೇ. ನಮ್ಮ ದೇಶದ ಪಾಲ್ ಅನ್ನುವ ಟಿವಿ ಪದ್ಧತಿಯ ಟೇಪನ್ನು ಕಂಪ್ಯೂಟರಿಗೆ ಹಾಕಿದರೆ 720×576 ಚುಕ್ಕೆಗಳ ಚಿತ್ರ ಬರುತ್ತದೆ, ಸೆಕೆಂಡಿಗೆ 25 ಚೌಕಟ್ಟು. ಪ್ರತಿ ಚೌಕಟ್ಟಿನಲ್ಲೂ ಎರಡು ಅರ್ಧ ಚಿತ್ರಗಳು ಹೆಣೆದುಕೊಂಡಿರುತ್ತವೆ, ಅಂದರೆ ಸೆಕೆಂಡಿಗೆ 50 ಅರ್ಧ ಚಿತ್ರ.

ಇಲ್ಲಿ ಆಯ್ಕೆ ನಾಲ್ಕು. ಏನೂ ಕುಗ್ಗಿಸದೆ 10 ಬಿಟ್‌ನಲ್ಲಿ (ಬಣ್ಣ, ಬೆಳಕನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡುತ್ತದೆ ಅನ್ನುವ ಅಳತೆ) ಇಟ್ಟರೆ ಒಂದು ಗಂಟೆಗೆ ಸುಮಾರು 100 ಜಿಬಿ ಬೇಕು. ಅದನ್ನೇ ಎಫ್‌ಎಫ್‌ವಿ1ನಲ್ಲಿ ಇಟ್ಟರೆ ಸುಮಾರು ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಗುಣಮಟ್ಟ ಮಾತ್ರ ಅಷ್ಟೇ. ಮೂರನೆಯದು ಪ್ರೋರೆಸ್. ಇದು ಆಪಲ್ ಕಂಪನಿ 2007ರಲ್ಲಿ ತಂದದ್ದು, ಎಡಿಟಿಂಗ್ ಮಾಡುವವರಿಗೆ ಬಹಳ ಹಿಡಿಸಿದೆ. ಆದರೆ ಅದು ಸ್ವಲ್ಪ ಎಸೆಯುತ್ತದೆ. ನಾಲ್ಕನೆಯದು ಎಂಪಿ4 ಡಬ್ಬಿಯಲ್ಲಿ ಎಚ್.264, ಗಂಟೆಗೆ ಒಂದೆರಡು ಜಿಬಿ. ಬಹುಪಾಲು ಅಂಗಡಿಗಳಲ್ಲಿ ಕೇಳದೆ ಕೊಡುವುದು ಇದನ್ನೇ.

ಕುಗ್ಗಿಸದ ಫೈಲಿಗೂ ಎಫ್‌ಎಫ್‌ವಿ1ಗೂ ಚಿತ್ರದಲ್ಲಿ ಒಂದು ಚುಕ್ಕೆಯೂ ವ್ಯತ್ಯಾಸ ಇಲ್ಲ ಅಂದ ಮೇಲೆ ಜಾಸ್ತಿ ಜಾಗ ತಿನ್ನುವುದನ್ನು ಯಾಕೆ ಆರಿಸಬೇಕು? ಅದೂ ಅಲ್ಲದೆ ಎಫ್‌ಎಫ್‌ವಿ1ನ ಮೂರನೇ ಆವೃತ್ತಿಯಲ್ಲಿ ಒಂದು ಅನುಕೂಲ ಇದೆ. ಅದು ಪ್ರತಿ ಚೌಕಟ್ಟನ್ನು ಹಲವು ತುಂಡು ಮಾಡಿ, ತುಂಡಿಗೊಂದು ಲೆಕ್ಕದ ಸಂಖ್ಯೆ ಬರೆದಿಡಬಲ್ಲದು. ಮುಂದೆ ಡಿಸ್ಕ್ ಕೆಟ್ಟು ಫೈಲಿನ ಒಂದು ಮೂಲೆ ಹಾಳಾದರೆ, ಯಾವ ಚೌಕಟ್ಟಿನ ಯಾವ ಭಾಗ ಹೋಯಿತು ಅಂತ ಅದೇ ತೋರಿಸುತ್ತದೆ. ಉಳಿದದ್ದು ಚೆನ್ನಾಗೇ ಓಡುತ್ತದೆ. ಇದು ಯಾವ ಕಂಪನಿಯ ಸ್ವತ್ತೂ ಅಲ್ಲ. ಎಫ್‌ಎಫ್‌ವಿ1ನ ಪೂರ್ತಿ ವಿವರವನ್ನು ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್ 2021ರಲ್ಲಿ ಪ್ರಕಟಿಸಿದೆ, ಎಂಕೆವಿಯ ವಿವರವನ್ನು 2024ರಲ್ಲಿ. ನಾಳೆ ಈ ಸಾಫ್ಟ್‌ವೇರ್‌ಗಳೆಲ್ಲ ಮಾಯವಾದರೂ ಆ ಬರಹ ಓದಿ ಹೊಸದಾಗಿ ಬರೆದುಕೊಳ್ಳಬಹುದು. ಬಳಸಲು ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ. ನೋಡಲು ವಿಎಲ್‌ಸಿ ಪ್ಲೇಯರ್ ಸಾಕು.

ಎಫ್‌ಎಫ್‌ವಿ1ಗೆ ಅನನುಕೂಲವೂ ಇದೆ. ಟಿವಿಗೆ ಪೆನ್‌ಡ್ರೈವ್ ಚುಚ್ಚಿದರೆ ಓಡುವುದಿಲ್ಲ. ಫೋನಿನಲ್ಲೂ ಸುಲಭವಾಗಿ ಓಡುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಅದನ್ನು ತೆಗೆಯುವುದೇ ಇಲ್ಲ. ಅದಕ್ಕೇ ಎಂಪಿ4 ನಕಲು ಬೇರೆ ಇರಬೇಕು ಅಂದದ್ದು.

ಸ್ಟುಡಿಯೋದವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಎರಡು ಕೆಲಸ ಮಾಸ್ಟರನ್ನು ಕೆಡಿಸುತ್ತವೆ. ಒಂದು, ಹೆಣೆದ ಅರ್ಧ ಚಿತ್ರಗಳನ್ನು ಬೆರೆಸಿ ಒಂದಾಗಿಸುವುದು. ಕಂಪ್ಯೂಟರಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣಬಾರದು ಅಂತ ಹೀಗೆ ಮಾಡುತ್ತಾರೆ. ಆದರೆ ಇದರಿಂದ ಚಲನೆಯ ಅರ್ಧ ಮಾಹಿತಿ ಹೋಗಬಹುದು. ಬೇಕಿದ್ದರೆ ಎಂಪಿ4 ನಕಲಿನಲ್ಲಿ ಮಾತ್ರ ಮಾಡಲಿ. ಇನ್ನೊಂದು, ಇವತ್ತಿನ ಅಗಲ ಟಿವಿಗೆ ತುಂಬಲಿ ಅಂತ ಚಿತ್ರವನ್ನು ಎಳೆಯುವುದು. ಮದುಮಗಳು ದಪ್ಪಗೆ, ಕುಳ್ಳಗೆ ಕಾಣುವ ಮದುವೆ ವಿಡಿಯೋ ನೀವೂ ನೋಡಿರುತ್ತೀರಿ. ಮೂಲ ಇರುವುದು 4:3 ಅಳತೆಯಲ್ಲಿ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ.

ಮಿನಿ ಡಿವಿ, ಡಿವಿಡಿ

ಮಿನಿ ಡಿವಿ ಟೇಪಿನಲ್ಲಿ ಇರುವುದೇ ಡಿಜಿಟಲ್ ಡೇಟಾ, ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ಕೇಬಲ್ ಮೂಲಕ ಅದನ್ನು ಹಾಗೇ ಎಳೆದುಕೊಳ್ಳಬೇಕು. ಹಳದಿ, ಕೆಂಪು, ಬಿಳಿ ವಯರ್ ಹಾಕಿ ರೆಕಾರ್ಡ್ ಮಾಡಿದರೆ ಡಿಜಿಟಲ್ ಅನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡಿದಂತಾಯಿತು. ಸುಮ್ನೆ ನಷ್ಟ. ಕ್ಯಾಮೆರಾದ ತಾರೀಖು, ಸಮಯ ಕೂಡ ಆ ಡೇಟಾದ ಜೊತೆಗೇ ಕೂತಿರುತ್ತದೆ, ಫೈರ್‌ವೈರ್‌ನಲ್ಲಿ ತೆಗೆದರೆ ಅದೂ ಉಳಿಯುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇಲ್ಲ. ಹಳೆ ಡೆಸ್ಕ್‌ಟಾಪ್ ಇಟ್ಟುಕೊಂಡಿರುವ ಅಂಗಡಿ ಹುಡುಕಿ. ಡಿವಿಯನ್ನು ಎಫ್‌ಎಫ್‌ವಿ1ಗೆ ಬದಲಾಯಿಸಬೇಡಿ. ಫೈಲು ದಪ್ಪವಾಗುತ್ತದೆ, ಚಿತ್ರ ಒಂದಿಷ್ಟೂ ಚೆನ್ನಾಗುವುದಿಲ್ಲ.

ಡಿವಿಡಿಗೂ ಇದೇ ಮಾತು. ಡಿಸ್ಕನ್ನು ಇಡಿಯಾಗಿ ಐಎಸ್‌ಒ ಫೈಲಾಗಿ ತೆಗೆದಿಡಿ. ಮನೆಯಲ್ಲಿ ಬರೆದ ಡಿವಿಡಿಗಳನ್ನು ತಡ ಮಾಡದೆ ತೆಗೆಯಿರಿ, ಅವು ಹೇಳದೆ ಕೇಳದೆ ಓದಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ.

ಫಿಲ್ಮ್ ರೀಲು

ರೀಲನ್ನು ಗೋಡೆಗೆ ಬಿಟ್ಟು ಫೋನಿನಲ್ಲಿ ಶೂಟ್ ಮಾಡಿಕೊಂಡು “ಡಿಜಿಟಲ್ ಆಯ್ತು” ಅನ್ನುವವರಿದ್ದಾರೆ. ನೆನಪಿಗೆ ಅದು ಸಾಕು, ಉಳಿಸುವುದಕ್ಕೆ ಸಾಲದು. ಹಳೆ ರೀಲನ್ನು ಪ್ರೊಜೆಕ್ಟರಿಗೆ ಹಾಕುವುದೇ ಅಪಾಯ, ಹಲ್ಲಿಗೆ ಸಿಕ್ಕಿ ತೂತುಗಳು ಹರಿಯುತ್ತವೆ. ಸ್ಕ್ಯಾನರ್‌ನಲ್ಲಿ ಒಂದೊಂದು ಚೌಕಟ್ಟನ್ನೂ ನಿಧಾನಕ್ಕೆ ಸೆರೆಹಿಡಿಯುವುದೇ ಸರಿಯಾದ ದಾರಿ. ನಮ್ಮೂರಲ್ಲಿ ಆ ಯಂತ್ರ ಸಿಗದಿದ್ದರೆ ಬೆಂಗಳೂರು, ಮುಂಬೈ ಕಡೆ ಕಳಿಸಬೇಕು.

ಡಬ್ಬಿ ತೆಗೆದ ಕೂಡಲೇ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಆ ರೀಲನ್ನು ಬೇರೆ ರೀಲುಗಳಿಂದ ದೂರ ಇಡಿ, ಸ್ಕ್ಯಾನ್ ಸರದಿಯಲ್ಲಿ ಅದನ್ನೇ ಮೊದಲು ಹಾಕಿ. ಹೊಮ್ಮುವ ಆಮ್ಲವೇ ಕೊಳೆತವನ್ನು ಇನ್ನಷ್ಟು ಜೋರು ಮಾಡುತ್ತದೆ. ದುರ್ಗದ ಬೇಸಿಗೆಯಲ್ಲಿ ತಾರಸಿ ಕೆಳಗಿನ ಅಟ್ಟ ರೀಲಿಗೆ ಇರುವ ಜಾಗಗಳಲ್ಲೇ ಕೆಟ್ಟದ್ದು. ಮನೆಯ ನಡುವಿನ, ಬಿಸಿಲು ತಾಗದ ಕೋಣೆಯ ಕಪಾಟಿಗೆ ಇಳಿಸಿ.

ಈಗ ಫಾರ್ಮ್ಯಾಟ್. ಸಿನಿಮಾ ಲ್ಯಾಬುಗಳ ರೂಢಿ ಡಿಪಿಎಕ್ಸ್. ಕೊಡಕ್‌ನವರ ಸಿನಿಯಾನ್ ಫಾರ್ಮ್ಯಾಟಿನಿಂದ ಬಂದದ್ದು, 1994ರಲ್ಲಿ ಸಿನಿಮಾ, ಟಿವಿ ತಂತ್ರಜ್ಞರ ಎಸ್‌ಎಂಪಿಟಿಇ ಸಂಸ್ಥೆಯ ಮಾನದಂಡವಾಯಿತು. ಇದರಲ್ಲಿ ಪ್ರತಿ ಚೌಕಟ್ಟೂ ಒಂದು ಬೇರೆ ಫೈಲು. 2ಕೆ ಸ್ಕ್ಯಾನ್ ಅಂದರೆ 2048×1556 ಚುಕ್ಕೆ, 10 ಬಿಟ್‌ನಲ್ಲಿ ಒಂದು ಚೌಕಟ್ಟಿಗೆ ಸುಮಾರು 12.7 ಎಂಬಿ. ಸೆಕೆಂಡಿಗೆ 24 ಚೌಕಟ್ಟಿನಂತೆ ಒಂದು ಗಂಟೆಗೆ 1.1 ಟಿಬಿ ಆಗುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ 2,16,000 ಫೈಲುಗಳು, ಸುಮಾರು 2.75 ಟಿಬಿ. 4ಕೆ ಮಾಡಿದರೆ ಅದರ ನಾಲ್ಕು ಪಟ್ಟು, 11 ಟಿಬಿ.

ಹೆದರಬೇಡಿ, ಮನೆಯ ರೀಲು ಅಷ್ಟಿರುವುದಿಲ್ಲ. 50 ಅಡಿಯ ಒಂದು ಸೂಪರ್ 8 ಸುರುಳಿಯಲ್ಲಿ 3,600 ಚೌಕಟ್ಟುಗಳು, ಓಡಿಸಿದರೆ 3 ನಿಮಿಷ 20 ಸೆಕೆಂಡು. 2ಕೆ ಡಿಪಿಎಕ್ಸ್‌ನಲ್ಲಿ 46 ಜಿಬಿ ಆಸುಪಾಸು. 16 ಮಿಲಿಮೀಟರಿನ 400 ಅಡಿ ರೀಲಿನಲ್ಲಿ 16,000 ಚೌಕಟ್ಟು, ಸುಮಾರು 11 ನಿಮಿಷ, 200 ಜಿಬಿಗೆ ಸ್ವಲ್ಪ ಮೇಲೆ. 8 ಮತ್ತು 16 ಮಿಲಿಮೀಟರಿಗೆ 2ಕೆ ಸಾಕು ಅನ್ನುವುದು ನನ್ನ ಲೆಕ್ಕ. 35 ಮಿಲಿಮೀಟರಿನ ನೆಗೆಟಿವ್ ಏನಾದರೂ ಕೈಗೆ ಸಿಕ್ಕರೆ ಮಾತ್ರ 4ಕೆ ಬಗ್ಗೆ ಯೋಚಿಸಿ.

ಡಿಪಿಎಕ್ಸ್‌ನ ಕಷ್ಟ ಗಾತ್ರ ಒಂದೇ ಅಲ್ಲ. ಲಕ್ಷಗಟ್ಟಲೆ ಸಣ್ಣ ಫೈಲುಗಳನ್ನು ನಕಲು ಮಾಡುವಾಗ ಡಿಸ್ಕ್ ತೆವಳುತ್ತದೆ. ನಡುವೆ ಒಂದು ಫೈಲು ಕಾಣೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಮೀಡಿಯಾಏರಿಯಾದವರ ರಾಕುಕ್ಡ್ ಅನ್ನುವ ಸಾಫ್ಟ್‌ವೇರ್ ಇದೆ. ಅದು ಡಿಪಿಎಕ್ಸ್ ಸಾಲನ್ನು, ಧ್ವನಿಯನ್ನೂ ಸೇರಿಸಿ, ಒಂದೇ ಎಂಕೆವಿ ಫೈಲಾಗಿ ಎಫ್‌ಎಫ್‌ವಿ1ನಲ್ಲಿ ಕಟ್ಟುತ್ತದೆ. ಬೇಕಾದಾಗ ಬಿಚ್ಚಿದರೆ ಮೊದಲಿನ ಡಿಪಿಎಕ್ಸ್ ಫೈಲುಗಳು ಬಿಟ್‌ಗೆ ಬಿಟ್ ಸರಿಹೊಂದಿ ವಾಪಸ್ ಬರುತ್ತವೆ. ಎಷ್ಟು ಜಾಗ ಉಳಿಯುತ್ತದೆ ಅನ್ನುವುದು ಫಿಲ್ಮಿನ ಕಾಳಿನ (ಚಿತ್ರದಲ್ಲಿ ಮರಳಿನಂತೆ ಕಾಣುವ ಗ್ರೇನ್) ಮೇಲೆ ನಿಂತಿದೆ. ಕಾಳು ಜಾಸ್ತಿ ಇದ್ದರೆ ಉಳಿತಾಯ ಕಡಿಮೆ.

ಜೆಪೆಗ್ 2000 ಅನ್ನು ಎಂಎಕ್ಸ್‌ಎಫ್ ಡಬ್ಬಿಯಲ್ಲಿ ಇಡುವುದು ಇನ್ನೊಂದು ದಾರಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ದಾರಿ ಹಿಡಿದಿತ್ತು. ಇದರಲ್ಲೂ ಏನೂ ಕಳೆಯದ ವಿಧಾನ ಇದೆ. ಆದರೆ ನಿಧಾನ, ಎಂಎಕ್ಸ್‌ಎಫ್ ಜಟಿಲ, ಒಳ್ಳೆಯ ಸಾಧನಗಳಿಗೆ ದುಡ್ಡು ಬೇಕು. ಸಂಸ್ಥೆಗಳಿಗೆ ಸರಿ. ನಮ್ಮಂಥವರಿಗೆ ನಾನು ಹೇಳುವುದಿಲ್ಲ.

ಲ್ಯಾಬಿನವರು ಪ್ರೋರೆಸ್ ಮಾತ್ರ ಕೊಡುತ್ತೇವೆ ಅಂದರೆ? ಎಚ್.264ಗಿಂತ ಎಷ್ಟೋ ಮೇಲು, ತೆಗೆದುಕೊಳ್ಳಿ. ಪ್ರೋರೆಸ್ 4444 ಸಿಕ್ಕರೆ ಇನ್ನೂ ಒಳ್ಳೆಯದು. ತಂದ ಮೇಲೆ ಅದನ್ನು ಎಫ್‌ಎಫ್‌ವಿ1 ಮಾಡಲು ಹೋಗಬೇಡಿ, ಹೋದದ್ದು ಹೋಯಿತು. ಆ ಫೈಲನ್ನೇ ಮಾಸ್ಟರ್ ಅಂತ ಇಟ್ಟುಕೊಳ್ಳಿ.

ಸ್ಕ್ಯಾನ್ ಮಾಡಿಸುವಾಗ ಚೌಕಟ್ಟಿನ ಆಚೆಗಿನ ಅಂಚು, ತೂತುಗಳೂ ಕಾಣುವ ಹಾಗೆ ಮಾಡಿ ಅಂತ ಕೇಳಿ. ಕೊಡಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತುಗಳಿರುತ್ತವೆ. ಆ ಫಿಲ್ಮು ಯಾವ ವರ್ಷ ತಯಾರಾಯಿತು ಅಂತ ಅವುಗಳಿಂದ ಹೇಳಬಹುದು. ರೀಲಿನ ಡಬ್ಬಿ ಮೇಲೆ ತಾರೀಖಿಲ್ಲದಾಗ ಈ ಗುರುತು ಬಹಳ ಕೆಲಸಕ್ಕೆ ಬರುತ್ತದೆ. ವೇಗವನ್ನೂ ಬರೆಸಿಕೊಳ್ಳಿ. ಮೂಕಿ 8 ಮಿಲಿಮೀಟರ್ ಸಾಮಾನ್ಯವಾಗಿ ಸೆಕೆಂಡಿಗೆ 16 ಚೌಕಟ್ಟು, ಸೂಪರ್ 8 ಆದರೆ 18. ಟಿವಿಗೆ ಹೊಂದಲಿ ಅಂತ ಕೆಲವು ಚೌಕಟ್ಟುಗಳನ್ನು ಎರಡೆರಡು ಸಲ ತುಂಬಿ 25 ಮಾಡಿಕೊಟ್ಟರೆ ಅದು ನಕಲಿಗೆ ಸರಿ, ಮಾಸ್ಟರಿಗಲ್ಲ.

ಧ್ವನಿಯನ್ನು 24 ಬಿಟ್‌ನ ಡಬ್ಲ್ಯೂಎವಿ ಫೈಲಾಗಿ ಪಡೆಯಿರಿ, 48 ಇಲ್ಲವೇ 96 ಕಿಲೋಹರ್ಟ್ಸ್. ಎಂಪಿ3 ಬೇಡ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಈಗಿನ ಕಿರುಚಿತ್ರಗಳು

ಕಾಲೇಜು ಹುಡುಗರು ಕೋಟೆಯಲ್ಲಿ, ಚಂದ್ರವಳ್ಳಿಯಲ್ಲಿ ತೆಗೆಯುವ ಕಿರುಚಿತ್ರಗಳ ಗತಿ ಹಳೆ ರೀಲಿಗಿಂತ ಕಷ್ಟ. ಯೂಟ್ಯೂಬ್‌ನಲ್ಲಿ ಇದೆಯಲ್ಲ ಅನ್ನುತ್ತಾರೆ. ಅಲ್ಲಿರುವುದು ಮತ್ತೆ ಕುಗ್ಗಿಸಿದ ನಕಲು. ಕ್ಯಾಮೆರಾದಿಂದ ಬಂದ ಫೈಲುಗಳನ್ನು ಹಾಗೇ ಇಡಿ. ಮುಗಿದ ಚಿತ್ರವನ್ನು ಪ್ರೋರೆಸ್ ಇಲ್ಲವೇ ಎಫ್‌ಎಫ್‌ವಿ1ನಲ್ಲಿ ತೆಗೆಯಿರಿ. ಸಂಭಾಷಣೆ, ಸಂಗೀತ, ಸದ್ದು ಮೂರನ್ನೂ ಬೇರೆ ಬೇರೆ ಟ್ರ್ಯಾಕಾಗಿ ಉಳಿಸಿ. ಎಡಿಟಿಂಗ್ ಪ್ರಾಜೆಕ್ಟ್ ಫೈಲು ಐದಾರು ವರ್ಷ ಬಿಟ್ಟು ತೆರೆಯುತ್ತದೆ ಅನ್ನುವ ನಂಬಿಕೆ ಬೇಡ.

ಥಿಯೇಟರಿಗೆ ಮಾಡಿಸಿದ ಡಿಸಿಪಿಯನ್ನೇ, ಅಂದರೆ ಅಲ್ಲಿನ ಡಿಜಿಟಲ್ ಯಂತ್ರದಲ್ಲಿ ಓಡಿಸುವ ಫೈಲುಗಳ ಕಟ್ಟನ್ನೇ, ಮಾಸ್ಟರ್ ಅಂದುಕೊಳ್ಳುವವರೂ ಇದ್ದಾರೆ. ಡಿಸಿಪಿಯಲ್ಲಿ ಜೆಪೆಗ್ 2000 ಇರುತ್ತದೆ, ಆದರೆ ಕಳೆಯುವ ಬಗೆಯದು, ಸೆಕೆಂಡಿಗೆ ಹೆಚ್ಚೆಂದರೆ 250 ಮೆಗಾಬಿಟ್. ಅದಕ್ಕಿಂತ ಮುಖ್ಯವಾದದ್ದು ಬೀಗ. ಬೀಗ ಹಾಕಿದ ಡಿಸಿಪಿಗೆ ಕೊಡುವ ಕೀಲಿಗೆ ಅವಧಿ ಇರುತ್ತದೆ, ಅದೂ ಒಂದೊಂದು ಪ್ರದರ್ಶನ ಯಂತ್ರಕ್ಕೆ ಬೇರೆ ಬೇರೆ. ಅವಧಿ ಮುಗಿದ ಮೇಲೆ ನಿಮ್ಮ ಸಿನಿಮಾ ನಿಮಗೇ ತೆರೆಯುವುದಿಲ್ಲ. ಡಿಸಿಪಿ ಇಡುವುದಾದರೆ ಬೀಗವಿಲ್ಲದ್ದನ್ನು ಇಡಿ.

ವಿವರ: ನಿಜವಾದ ಕೆಲಸ ಇಲ್ಲಿದೆ

ಫೈಲಿನ ಬಗೆಗಿನ ವಿವರಕ್ಕೆ ಮೆಟಾಡೇಟಾ ಅನ್ನುತ್ತಾರೆ. ಇದರಲ್ಲಿ ಕಂಪ್ಯೂಟರ್ ತಾನೇ ಹೇಳಬಲ್ಲದ್ದು ಒಂದಿಷ್ಟು: ಉದ್ದ, ಅಳತೆ, ಕೋಡೆಕ್, ವೇಗ. ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಫೈಲು ಕೊಟ್ಟರೆ ಅಷ್ಟನ್ನೂ ಬರೆದುಕೊಡುತ್ತದೆ. ಆ ವರದಿಯನ್ನು ಫೈಲಿನ ಪಕ್ಕದಲ್ಲೇ ಇಡಿ, ಮುಗಿಯಿತು.

ಕಂಪ್ಯೂಟರಿಗೆ ಗೊತ್ತಿಲ್ಲದ್ದು ಮನುಷ್ಯರ ತಲೆಯಲ್ಲಿರುತ್ತದೆ. ಯಾವ ವರ್ಷದ ಜಾತ್ರೆ, ಪಲ್ಲಕ್ಕಿ ಹೊತ್ತವರು ಯಾರು, ಹಿಂದೆ ಕಾಣುವ ಟಾಕೀಸು ಈಗ ಏನಾಗಿದೆ, ಯಾವ ನಾಟಕ, ಯಾವ ಊರಿನ ಕ್ಯಾಂಪು. ಅಜ್ಜ ಅಜ್ಜಿಯನ್ನು ಕೂರಿಸಿಕೊಂಡು ವಿಡಿಯೋ ಹಾಕಿ, ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. “ಇವ ನಮ್ಮ ದೊಡ್ಡಪ್ಪನ ಮಗ ಅಲ್ವಾ, ಮಿಲ್ಲಿನಲ್ಲಿದ್ದ” ಅನ್ನುವ ಒಂದು ಮಾತು ಯಾವ ಸ್ಕ್ಯಾನರಿನಲ್ಲೂ ಸಿಗುವುದಿಲ್ಲ. ಆ ಧ್ವನಿ ಫೈಲೂ ಸಂಗ್ರಹದ ಭಾಗವೇ.

ಎಲ್ಲಿ ಬರೆಯುವುದು? ಇಲ್ಲೂ ಆಯ್ಕೆಗಳಿವೆ. ಫೈಲಿನ ಹೆಸರಿನಲ್ಲೇ ಎಲ್ಲ ತುರುಕುವುದು ಎಲ್ಲರ ಮೊದಲ ಯೋಚನೆ. ಕನ್ನಡದಲ್ಲಿ ಉದ್ದ ಹೆಸರು ಕೊಟ್ಟರೆ ಅದಕ್ಕೊಂದು ತೊಡಕಿದೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಅನ್ನುವ ಒಂದು ಅಕ್ಷರದಲ್ಲೇ 6 ಸಂಕೇತ, 18 ಬೈಟ್. ಲಿನಕ್ಸ್‌ನ ಡಿಸ್ಕ್‌ಗಳಲ್ಲಿ ಹೆಸರಿಗೆ 255 ಬೈಟ್ ಮಿತಿ, ಅಂದರೆ 85 ಸಂಕೇತ. ವಿಂಡೋಸ್‌ನಲ್ಲಿ ಸರಿಯಾಗಿದ್ದ ಹೆಸರು ಅಲ್ಲಿಗೆ ನಕಲು ಮಾಡುವಾಗ ನಿಂತುಹೋಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ‘ಕೋಟೆ’ಯ ‘ಕೋ’ದಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಹೆಸರು. ಹಾಗಾಗಿ ಫೈಲಿಗೆ ಚಿಕ್ಕ ಗುರುತು ಸಂಖ್ಯೆ ಸಾಕು: ಊರಿಗೆ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ. ನಡುವೆ ಖಾಲಿ ಜಾಗ ಬೇಡ. ಅದೇ ಸಂಖ್ಯೆಯನ್ನು ಕ್ಯಾಸೆಟ್ಟಿನ ಮೇಲೂ ಬರೆಯಿರಿ. ಕನ್ನಡದ ಶೀರ್ಷಿಕೆ, ಉಳಿದ ವಿವರಕ್ಕೆಲ್ಲ ಬೇರೆಯೇ ಒಂದು ಪಟ್ಟಿ ಮಾಡಿ.

ಆ ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಮಾಡಬಹುದು, ಕೊನೆಗೆ ಸಿಎಸ್‌ವಿ (ಬರೀ ಅಕ್ಷರಗಳ ಸರಳ ಪಟ್ಟಿ ಫೈಲು) ಆಗಿ ಉಳಿಸಿ. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನುವ ಆಯ್ಕೆಯನ್ನೇ ಒತ್ತಿ. ಬರೀ ಸಿಎಸ್‌ವಿ ಒತ್ತಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗಿ ಕೂರುತ್ತದೆ. ನುಡಿ, ಬರಹ, ಶ್ರೀಲಿಪಿಯ ಹಳೆ ಫಾಂಟುಗಳಲ್ಲಿ ಮಾಡಿದ ಪಟ್ಟಿ ಇದ್ದರೆ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಬಂದಿವೆಯಾ ಅಂತ ಕಣ್ಣಾರೆ ನೋಡಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹಳೆ ಪಟ್ಟಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ವಿಡಿಯೋ ಉಳಿದು ಹೆಸರು ಹೋಗುವುದು ಹೀಗೂ ಉಂಟು.

ಯಾವ ಯಾವ ಕಾಲಂ? ಗುರುತು ಸಂಖ್ಯೆ, ಶೀರ್ಷಿಕೆ, ತಾರೀಖು, ಸ್ಥಳ, ಕಾಣುವ ಜನ, ತೆಗೆದವರು, ಮೂಲ ಯಾವುದು, ಅದರ ಸ್ಥಿತಿ, ಯಾವ ಯಂತ್ರದಿಂದ ಯಾವಾಗ ಡಿಜಿಟಲ್ ಮಾಡಿದ್ದು, ಹಕ್ಕು ಯಾರದ್ದು, ಟಿಪ್ಪಣಿ. ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆಯಿರಿ. ಖಚಿತ ಇಲ್ಲದಿದ್ದರೆ ‘1990ರ ದಶಕ, ಅಂದಾಜು’ ಅಂತ ಬರೆಯಿರಿ. ಅಂದಾಜನ್ನು ಖಚಿತ ಅನ್ನುವ ಹಾಗೆ ಬರೆಯುವುದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು.

ಸ್ಥಳಕ್ಕೆ ಎರಡು ಕಾಲಂ ಇಡಿ ಅಂತ ನಾನು ಹಟ ಹಿಡಿಯುತ್ತೇನೆ. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ, ಅದಕ್ಕೂ ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹರಪನಹಳ್ಳಿಯ ಕಥೆ ಇನ್ನೂ ಉದ್ದ: ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಲೇಬಲ್ ಮೇಲೆ ಇದ್ದದ್ದು ಒಂದು ಕಾಲಮ್ಮಿನಲ್ಲಿ, ಇವತ್ತಿನ ತಾಲ್ಲೂಕು ಜಿಲ್ಲೆ ಇನ್ನೊಂದರಲ್ಲಿ. ಲೇಬಲ್ಲಿನ ಫೋಟೋವನ್ನೂ ಜೊತೆಗಿಡಿ. ಯಾರದ್ದೋ ಕೈಬರಹವೂ ಒಂದು ಸುಳಿವೇ.

ಅಂತರರಾಷ್ಟ್ರೀಯ ಮಾನದಂಡಗಳೂ ಇವೆ. ಡಬ್ಲಿನ್ ಕೋರ್‌ನಲ್ಲಿ 15 ಅಂಶಗಳು, ಸರಳ. ಪಿಬಿಕೋರ್ ಪ್ರಸಾರ ಸಂಸ್ಥೆಗಳಿಗೆ ಹುಟ್ಟಿದ್ದು. ಇಎನ್ 15907 ಸಿನಿಮಾ ಸಂಗ್ರಹಾಲಯಗಳಿಗೆ, ಅದು ‘ಕೃತಿ’ ಬೇರೆ, ಅದರ ‘ಪ್ರತಿ’ ಬೇರೆ ಅಂತ ಬಿಡಿಸಿ ನೋಡುತ್ತದೆ. ಪ್ರೆಮಿಸ್ ಅನ್ನುವುದು ಫೈಲಿಗೆ ಯಾವಾಗ ಏನಾಯಿತು ಅನ್ನುವ ದಾಖಲೆ. ಗ್ರಂಥಪಾಲಕರಿರುವ ಕಾಲೇಜು, ಮಠಗಳು ಡಬ್ಲಿನ್ ಕೋರ್‌ನಿಂದ ಶುರು ಮಾಡಬಹುದು. ಮನೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾಲಂಗಳು ಸ್ಪಷ್ಟವಾಗಿದ್ದರೆ ಮುಂದೆ ಯಾರಾದರೂ ಯಾವ ಮಾನದಂಡಕ್ಕೂ ಹೊಂದಿಸಿಕೊಳ್ಳುತ್ತಾರೆ.

ವಿವರವನ್ನು ಎಂಕೆವಿ ಒಳಗೇ ಸೇರಿಸಬಹುದು, ಲೇಬಲ್ಲಿನ ಫೋಟೋ ಕೂಡ ಅಂಟಿಸಬಹುದು. ಫೈಲು ಎಲ್ಲಿ ಹೋದರೂ ವಿವರ ಜೊತೆಗೇ ಹೋಗುತ್ತದೆ ಅನ್ನುವುದು ಲಾಭ. ಆದರೆ ಒಳಗಿನ ಒಂದು ಹೆಸರು ತಿದ್ದಿದರೂ ಇಡೀ ಫೈಲಿನ ಎಂಡಿ5 ಬದಲಾಗುತ್ತದೆ. ಎಂಡಿ5 ಅಂದರೆ ಫೈಲಿನ ಎಲ್ಲ ಬಿಟ್‌ಗಳಿಂದ ಲೆಕ್ಕ ಹಾಕಿದ 32 ಅಕ್ಷರದ ಗುರುತು, ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಫೈಲು ಕೆಟ್ಟಿಲ್ಲ ಅಂತ ಗೊತ್ತುಮಾಡಿಕೊಳ್ಳಲು ನಮಗಿರುವ ದಾರಿ ಅದೇ. ಅದಕ್ಕೇ ಒಳಗೆ ಗುರುತು ಸಂಖ್ಯೆ, ಶೀರ್ಷಿಕೆ ಇಷ್ಟೇ ಇರಲಿ. ಆಗಾಗ ತಿದ್ದುವ ವಿವರವೆಲ್ಲ ಹೊರಗಿನ ಪಟ್ಟಿಯಲ್ಲಿರಲಿ.

ಹಕ್ಕಿನ ಕಾಲಂ ಖಾಲಿ ಬಿಡಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ವಿಡಿಯೋದ ಮೊದಲ ಹಕ್ಕುದಾರರು ತೆಗೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಮದುವೆ ವಿಡಿಯೋ ಮನೆಯವರದ್ದು. ಬಿಡುಗಡೆಯಾದ ಸಿನಿಮಾದ ಹಕ್ಕು, ಬಿಡುಗಡೆಯ ಮರು ವರ್ಷದಿಂದ 60 ವರ್ಷ. ನಾಟಕದ ರೆಕಾರ್ಡಿಂಗ್ ಆದರೆ ನಾಟಕ ಬರೆದವರ, ಹಾಡಿದವರ ಹಕ್ಕೂ ಸೇರಿರುತ್ತದೆ. ಗೊತ್ತಿರುವಷ್ಟನ್ನು ಬರೆದಿಡಿ.

ಎಲ್ಲಿ ಇಡುವುದು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ದಾವಣಗೆರೆಯವರಾದರೆ ಒಂದು ಡಿಸ್ಕನ್ನು 60 ಕಿಲೋಮೀಟರ್ ಆಚೆ ದುರ್ಗದ ನೆಂಟರ ಮನೆಯಲ್ಲಿಡಿ, ಅವರದ್ದು ನಿಮ್ಮ ಮನೆಯಲ್ಲಿರಲಿ. ಕಪಾಟಿನಲ್ಲಿ ಇಟ್ಟು ಮರೆಯುವುದಕ್ಕೆ ಎಸ್‌ಎಸ್‌ಡಿ, ಪೆನ್‌ಡ್ರೈವ್ ಬೇಡ, ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅವುಗಳ ಡೇಟಾ ಅಳಿಯಬಹುದು. ಮಾಮೂಲಿ ಹಾರ್ಡ್ ಡಿಸ್ಕೇ ವಾಸಿ, ಐದು ವರ್ಷಕ್ಕೊಮ್ಮೆ ಬದಲಾಯಿಸುವ ಲೆಕ್ಕ ಇಟ್ಟುಕೊಳ್ಳಿ. ಸಂಸ್ಥೆಗಳಿಗೆ ಕಂಪ್ಯೂಟರ್ ಡೇಟಾ ಇಡುವ ಎಲ್‌ಟಿಒ ಟೇಪ್ ಇದೆ. ಎಲ್‌ಟಿಒ-8ರಲ್ಲಿ 12 ಟಿಬಿ, ಎಲ್‌ಟಿಒ-9ರಲ್ಲಿ 18 ಟಿಬಿ ಹಿಡಿಯುತ್ತದೆ. ಟೇಪು ಅಗ್ಗ, ಓದುವ ಯಂತ್ರ ಲಕ್ಷಗಳ ಮಾತು. ಅದೂ ಈ ಎರಡರ ಯಂತ್ರಗಳು ತಮ್ಮ ತಲೆಮಾರಿನ ಟೇಪು ಬಿಟ್ಟರೆ ಒಂದು ತಲೆಮಾರು ಹಿಂದಿನದನ್ನು ಮಾತ್ರ ಓದುತ್ತವೆ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಎಂಡಿ5 ಮತ್ತೆ ಲೆಕ್ಕ ಹಾಕಿಸಿ ಹಳೆಯದರ ಜೊತೆ ಹೋಲಿಸಿ. ಒಂದು ಪ್ರತಿ ತಪ್ಪಿದ್ದರೆ ಇನ್ನೊಂದರಿಂದ ನಕಲು ಮಾಡಿಕೊಳ್ಳಿ. ಸ್ಕ್ಯಾನ್ ಆಯ್ತು ಅಂತ ರೀಲು, ಕ್ಯಾಸೆಟ್ಟು ಎಸೆಯಬೇಡಿ.

ಅಂಗಡಿಗೆ ಕೊಡುವ ಮುಂಚೆ ಕೇಳಬೇಕಾದ್ದು ಇಷ್ಟು. ಮಾಸ್ಟರ್ ಯಾವ ಕೋಡೆಕ್‌ನಲ್ಲಿ ಕೊಡುತ್ತೀರಿ? ಅರ್ಧ ಚಿತ್ರಗಳನ್ನು ಬೆರೆಸುತ್ತೀರಾ? ಅಳತೆ 4:3 ಹಾಗೇ ಇರುತ್ತದಾ? ಬಣ್ಣ ತಿದ್ದುವುದಾದರೆ ತಿದ್ದದ ಪ್ರತಿಯನ್ನೂ ಕೊಡುತ್ತೀರಾ? ಟೇಪಿಗೆ ಬೂಷ್ಟು ಹಿಡಿದಿದ್ದರೆ ಮೊದಲು ಸ್ವಚ್ಛ ಮಾಡುತ್ತೀರಾ, ಇಲ್ಲ ನೇರ ಪ್ಲೇಯರಿಗೆ ಹಾಕುತ್ತೀರಾ? ಮೊದಲು ಒಂದೇ ಕ್ಯಾಸೆಟ್ಟು ಕೊಟ್ಟು, ಬಂದ ಫೈಲನ್ನು ಮೀಡಿಯಾಇನ್ಫೋದಲ್ಲಿ ನೋಡಿ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾದರೆ ಉಳಿದವನ್ನೂ ಅವರಿಗೇ ಕೊಡಬಹುದು.